ಫಾರ್ಮಸಿ ಪದವಿಯ ಮೊದಲೆರಡು ವರ್ಷ: ಮದ್ದಿಗಿಂತ ಮೊದಲು ಅಳತೆ

ಯಾವ ಕಾಯಿಲೆಗೆ ಯಾವ ಮಾತ್ರೆ ಎಂಬುದನ್ನು ಮೊದಲ ವಾರದಿಂದಲೇ ಹೇಳಿಕೊಡುತ್ತಾರೆ ಎಂದುಕೊಂಡು ಫಾರ್ಮಸಿ ಪದವಿಗೆ ಸೇರುವವರು ಬಹಳ. ಕೈಗೆ ಸಿಗುವುದು ಮಾತ್ರ ತಕ್ಕಡಿ, ಬ್ಯೂರೆಟ್ ಎಂಬ ಅಳತೆ ಕೊಳವೆ, ಮಾರ್ಟರ್ ಎಂಬ ಅರೆಯುವ ಪಾತ್ರೆ. ಔಷಧ ದೇಹದಲ್ಲಿ ಏನು ಮಾಡುತ್ತದೆ ಎಂದು ಕಲಿಸುವ ಫಾರ್ಮಕಾಲಜಿಯ ಹೆಚ್ಚಿನ ಭಾಗ ಬರುವುದು ಆಮೇಲೆ. ಅದಕ್ಕೂ ಮುಂಚೆ ಅಂಗರಚನೆ, ಶರೀರಕ್ರಿಯೆ, ರಸಾಯನಶಾಸ್ತ್ರ, ಔಷಧ ತಯಾರಿಕೆಯ ಫಾರ್ಮಸ್ಯೂಟಿಕ್ಸ್, ಔಷಧ ವಿಶ್ಲೇಷಣೆ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಸಸ್ಯಮೂಲದ ಔಷಧಗಳ ಫಾರ್ಮಕಾಗ್ನಸಿ ಇವೆಲ್ಲ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಸಾಲಾಗಿ ಬರುತ್ತವೆ. ಹೇಗೋ ಪಾಸಾದರೆ ಸಾಕು ಎಂಬ ಮನಸ್ಸು ಹುಟ್ಟುವುದು ಇಲ್ಲೇ. ಆದರೆ ಈ ವಿಷಯಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ಇವೆ: ಹೇಳಿದ ವಸ್ತು, ಹೇಳಿದಷ್ಟೇ ಪ್ರಮಾಣದಲ್ಲಿ, ಕೆಡದೆ, ರೋಗಿಯ ದೇಹದೊಳಗೆ ತಲುಪುವುದು ಹೇಗೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದರೆ ಪ್ರತಿ ಪ್ರಯೋಗಕ್ಕೂ ಅರ್ಥ ಬರುತ್ತದೆ.

ಲೆಕ್ಕದಿಂದಲೇ ಶುರುಮಾಡೋಣ. ದ್ರಾವಣದ ವಿಷಯದಲ್ಲಿ ಶೇ. 1 ಎಂದರೆ ಸಾಮಾನ್ಯವಾಗಿ 100 ಮಿ.ಲೀ.ನಲ್ಲಿ 1 ಗ್ರಾಂ, ಅಂದರೆ ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ. ಅನುಪಾತದಲ್ಲಿ 1:1000 ಎಂದು ಬರೆದಿದ್ದರೆ ಪ್ರತಿ ಮಿ.ಲೀ.ಗೆ 1 ಮಿ.ಗ್ರಾಂ. 1:10,000 ಎಂದಿದ್ದರೆ 0.1 ಮಿ.ಗ್ರಾಂ. ಪರೀಕ್ಷೆಯಲ್ಲಿ ಇದು ಎರಡು ಅಂಕದ ಪ್ರಶ್ನೆ ಅಷ್ಟೆ. ಆಸ್ಪತ್ರೆಯಲ್ಲಿ ಹಾಗಲ್ಲ, ಅಡ್ರಿನಲಿನ್ ಈ ಎರಡೂ ಬಲಗಳಲ್ಲಿ ಇರುತ್ತದೆ. 0.5 ಮಿ.ಗ್ರಾಂ ಬೇಕಾದಾಗ ಮೊದಲನೆಯದರಲ್ಲಿ 0.5 ಮಿ.ಲೀ., ಎರಡನೆಯದರಲ್ಲಿ 5 ಮಿ.ಲೀ. ತೆಗೆಯಬೇಕು. ಸೊನ್ನೆಯೊಂದನ್ನು ತಪ್ಪಾಗಿ ಓದಿದರೆ ಹತ್ತು ಪಟ್ಟು ವ್ಯತ್ಯಾಸ.

ಮಕ್ಕಳ ಡೋಸ್ ಲೆಕ್ಕದಲ್ಲಿ ಆಗುವ ತಪ್ಪು ಬೇರೆ ಬಗೆಯದು. ವಯಸ್ಸಿನ ಆಧಾರದ ಯಂಗ್ ಸೂತ್ರವನ್ನು ಈಗಲೂ ಪಾಠ ಮಾಡುತ್ತಾರೆ: ವಯಸ್ಸನ್ನು, ವಯಸ್ಸಿಗೆ 12 ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿ, ದೊಡ್ಡವರ ಡೋಸಿನಿಂದ ಗುಣಿಸುವುದು. ಇತಿಹಾಸ ತಿಳಿಯಲಿ ಎಂದು ಕಲಿಯಿರಿ, ಆದರೆ ಬಳಸಬೇಕಾದದ್ದು ತೂಕದ ಲೆಕ್ಕ. 12 ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿ.ಗ್ರಾಂನಂತೆ ಪ್ಯಾರಸಿಟಮಾಲ್ ಕೊಡಬೇಕಾದರೆ ಒಂದು ಡೋಸ್ 180 ಮಿ.ಗ್ರಾಂ. 5 ಮಿ.ಲೀ.ನಲ್ಲಿ 120 ಮಿ.ಗ್ರಾಂ ಇರುವ ದ್ರವವಾದರೆ 7.5 ಮಿ.ಲೀ., 250 ಮಿ.ಗ್ರಾಂ ಇರುವುದಾದರೆ 3.6 ಮಿ.ಲೀ. ಎರಡನೇ ಬಾಟಲಿಯಿಂದ 7.5 ಮಿ.ಲೀ. ಅಳೆದರೆ ಮಗುವಿನ ಹೊಟ್ಟೆಗೆ 375 ಮಿ.ಗ್ರಾಂ ಹೋಗುತ್ತದೆ. ಇಲ್ಲಿ ಗುಣಾಕಾರ ತಪ್ಪಿದ್ದಲ್ಲ, ಬಾಟಲಿಯ ಬಲವನ್ನು ಓದದೇ ಹೋದದ್ದು. ಅದಕ್ಕೇ ಉತ್ತರ ಬರೆಯುವಾಗ ಪ್ರತಿ ಸಾಲಿನಲ್ಲೂ ಸಂಖ್ಯೆಯ ಪಕ್ಕ ಏಕಮಾನ ಬರೆಯಲೇಬೇಕು. ಕೊನೆಯ ಸಾಲಿನಲ್ಲಿ ಮಾತ್ರ ಏಕಮಾನ ಸೇರಿಸುವ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ದಶಮಾಂಶಕ್ಕೂ ನಿಯಮವಿದೆ. 0.5 ಎಂದು ಬರೆಯಬೇಕು, ಬರಿ .5 ಎಂದಲ್ಲ. 1 ಎಂದು ಬರೆಯಬೇಕು, 1.0 ಎಂದಲ್ಲ. ಚುಕ್ಕಿ ಮಸುಕಾದರೆ .5 ಎಂಬುದು 5 ಆಗುತ್ತದೆ, 1.0 ಎಂಬುದು 10 ಆಗುತ್ತದೆ.

ತೂಕ ಮಾಡುವುದನ್ನು ಕಲಿಸಲೇಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಪ್ರತಿ ತಕ್ಕಡಿಗೂ ಒಂದು ಮಿತಿಯಿದೆ. ತಕ್ಕಡಿಯ ಸೂಕ್ಷ್ಮತೆ, ಅಂದರೆ ಮುಳ್ಳನ್ನು ಅಲುಗಿಸುವ ಅತಿ ಕಡಿಮೆ ತೂಕ, 6 ಮಿ.ಗ್ರಾಂ, ಒಪ್ಪಬಹುದಾದ ದೋಷ ಶೇ. 5 ಎಂದಾದರೆ ಅದರಲ್ಲಿ ತೂಗಬಹುದಾದ ಕನಿಷ್ಠ ತೂಕ 120 ಮಿ.ಗ್ರಾಂ. ಹಾಗಿದ್ದರೆ 15 ಮಿ.ಗ್ರಾಂ ಔಷಧ ಬೇಕಾದಾಗ ಏನು ಮಾಡುವುದು? ಅದರ ಎಂಟು ಪಟ್ಟು, ಅಂದರೆ 120 ಮಿ.ಗ್ರಾಂ ಔಷಧ ತೂಗಿ, 840 ಮಿ.ಗ್ರಾಂ ಲ್ಯಾಕ್ಟೋಸ್ (ಔಷಧ ಗುಣವಿಲ್ಲದ ಹಾಲಿನ ಸಕ್ಕರೆ) ಸೇರಿಸಿ ಒಟ್ಟು 960 ಮಿ.ಗ್ರಾಂ ಮಿಶ್ರಣ ಮಾಡಬೇಕು. ಅದರಲ್ಲಿ 120 ಮಿ.ಗ್ರಾಂ ತೆಗೆದರೆ ಬೇಕಾದ 15 ಮಿ.ಗ್ರಾಂ ಬಂತು. ಆದರೆ ಲ್ಯಾಕ್ಟೋಸನ್ನೆಲ್ಲ ಒಮ್ಮೆಗೇ ಸುರಿದು ಕಲಸಿದರೆ ಔಷಧ ಒಂದು ಮೂಲೆಯಲ್ಲೇ ಉಳಿಯಬಹುದು. ಮೊದಲು ಔಷಧದಷ್ಟೇ, ಅಂದರೆ 120 ಮಿ.ಗ್ರಾಂ ಲ್ಯಾಕ್ಟೋಸ್ ಹಾಕಿ ಅರೆಯಬೇಕು. ಆ 240ಕ್ಕೆ ಇನ್ನೊಂದು 240, ಆ 480ಕ್ಕೆ ಉಳಿದ 480. ಹೀಗೆ ಪ್ರತಿ ಸಲ ಮಾರ್ಟರಿನಲ್ಲಿ ಇರುವಷ್ಟನ್ನೇ ಸೇರಿಸುತ್ತ ಹೋದರೆ ಮಾತ್ರ ಔಷಧ ಸಮನಾಗಿ ಹರಡುತ್ತದೆ.

ದ್ರವಗಳ ಅಳತೆಯಲ್ಲಿ ಪಾತ್ರೆಯ ಆಯ್ಕೆಯೇ ಅರ್ಧ ಕೆಲಸ. 100 ಮಿ.ಲೀ. ಸಿಲಿಂಡರಿನಲ್ಲಿ 5 ಮಿ.ಲೀ. ಅಳೆಯಬಾರದು, ಪಾತ್ರೆಯ ಸಾಮರ್ಥ್ಯದ ಐದನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಚಿಕ್ಕ ಪಾತ್ರೆ ಹಿಡಿಯಬೇಕು. ಆಲ್ಕೋಹಾಲ್ ತೆಳುಗೊಳಿಸುವಾಗ ಇನ್ನೊಂದು ಎಚ್ಚರ. ಶೇ. 95ರ ಆಲ್ಕೋಹಾಲಿನಿಂದ ಶೇ. 70ರದ್ದು ಒಂದು ಲೀಟರ್ ಮಾಡಲು ಸುಮಾರು 737 ಮಿ.ಲೀ. ತೆಗೆದುಕೊಳ್ಳಬೇಕು. ಉಳಿದ 263 ಮಿ.ಲೀ. ನೀರನ್ನು ಬೇರೆಯಾಗಿ ಅಳೆದು ಸೇರಿಸಿದರೆ ಒಟ್ಟು ಒಂದು ಲೀಟರ್ ಆಗುವುದಿಲ್ಲ. ಆಲ್ಕೋಹಾಲ್ ಮತ್ತು ನೀರು ಬೆರೆತಾಗ ಗಾತ್ರ ಕುಗ್ಗುತ್ತದೆ. ಹಾಗಾಗಿ ನೀರು ಹಾಕಿ, ತಣ್ಣಗಾಗಲು ಬಿಟ್ಟು, ಮತ್ತೆ ನೀರಿನಿಂದ 1000 ಮಿ.ಲೀ. ಗೆರೆಗೆ ತುಂಬಿಸಬೇಕು. ಸೂತ್ರಗಳಲ್ಲಿ ‘ಸಾಕಷ್ಟು’ ಎಂದು ಬರೆದಿರುವುದು ಉಡಾಫೆಯಿಂದಲ್ಲ, ಇದೇ ಕಾರಣಕ್ಕೆ.

ಮೊದಲ ವರ್ಷದ ಪ್ರಯೋಗಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಎಮಲ್ಷನ್. ಎಣ್ಣೆಯನ್ನು ನೀರಿನಲ್ಲಿ ಸಣ್ಣ ಹನಿಗಳಾಗಿ ಹಿಡಿದಿಡುವ ತಯಾರಿಕೆ ಇದು. ಹರಳೆಣ್ಣೆಯಂಥ ಸ್ಥಿರ ತೈಲಕ್ಕೆ ಪ್ರಾಥಮಿಕ ಎಮಲ್ಷನ್‌ನ ಅನುಪಾತ 4:2:1: ನಾಲ್ಕು ಪಾಲು ಎಣ್ಣೆ, ಎರಡು ಪಾಲು ನೀರು, ಒಂದು ಪಾಲು ಅಕೇಶಿಯಾ ಗೋಂದು. ಲಿಕ್ವಿಡ್ ಪ್ಯಾರಾಫಿನ್‌ಗೆ 3:2:1, ಆವಿಯಾಗುವ ತೈಲಗಳಿಗೆ 2:2:1. ಆವಿಯಾಗುವ ತೈಲ ತೆಳು, ಅದನ್ನು ಹಿಡಿದಿಡಲು ಹೆಚ್ಚು ಗೋಂದು ಬೇಕು. 30 ಮಿ.ಲೀ. ಹರಳೆಣ್ಣೆಗೆ 7.5 ಗ್ರಾಂ ಗೋಂದು, 15 ಮಿ.ಲೀ. ನೀರು. ಒಣ ಮಾರ್ಟರಿನಲ್ಲಿ ಗೋಂದಿನ ಪುಡಿಯನ್ನು ಎಣ್ಣೆಯೊಂದಿಗೆ ಹಗುರಾಗಿ ಕಲಸಿ, 15 ಮಿ.ಲೀ. ನೀರನ್ನೂ ಒಟ್ಟಿಗೇ ಹಾಕಿ, ಒಂದೇ ದಿಕ್ಕಿನಲ್ಲಿ ಬಿಡದೆ ರಭಸದಿಂದ ಅರೆಯಬೇಕು. ಬಣ್ಣ ಬಿಳಿಯಾಗಿ, ಪೆಸಲ್ (ಅರೆಯುವ ಗುಂಡು) ತಿರುಗಿದಾಗ ಚಟಚಟ ಸದ್ದು ಬಂದರೆ ಎಮಲ್ಷನ್ ಕೂಡಿತು. ಉಳಿದ ನೀರು ಆಮೇಲೆ, ಸ್ವಲ್ಪಸ್ವಲ್ಪವಾಗಿ.

ಕೆಡುವುದು ಎಲ್ಲಿ? ಮಾರ್ಟರ್ ಒದ್ದೆಯಿದ್ದರೆ ಎಣ್ಣೆ ಮುಟ್ಟುವ ಮೊದಲೇ ಗೋಂದು ಉಂಡೆ ಕಟ್ಟುತ್ತದೆ. ಮೊದಲ ನೀರನ್ನು ಹನಿಹನಿಯಾಗಿ ಹಾಕಿದರೆ ಎಣ್ಣೆಯೊಳಗೆ ನೀರಿನ ಹನಿಗಳು ಕೂರುತ್ತವೆ, ಅಂದರೆ ತಿರುವುಮುರುವಾದ ಎಮಲ್ಷನ್, ಅದು ನಿಲ್ಲುವುದಿಲ್ಲ. ಎಣ್ಣೆ ಅಳೆದ ಸಿಲಿಂಡರಿನಲ್ಲೇ ನೀರು ಅಳೆದರೆ ಎರಡೂ ಅಳತೆ ತಪ್ಪುತ್ತವೆ. ಆಲ್ಕೋಹಾಲ್ ಇರುವ ಘಟಕವನ್ನು ತೆಳುಗೊಳಿಸದೆ ಸುರಿದರೆ ಗೋಂದು ಹೊರಬಿದ್ದು ಎಲ್ಲ ಒಡೆಯುತ್ತದೆ. ಎರಡು ದಿನ ಬಿಟ್ಟು ನೋಡಿದಾಗ ಮೇಲೆ ಕೆನೆಯಂತೆ ಕಟ್ಟಿದ್ದರೆ ಗಾಬರಿ ಬೇಡ, ಅಲುಗಾಡಿಸಿದರೆ ಸರಿಹೋಗುತ್ತದೆ. ಎಣ್ಣೆಯೇ ಬೇರೆಯಾಗಿ ನಿಂತಿದ್ದರೆ ಅದು ಒಡೆದದ್ದು, ಎಷ್ಟು ಕುಲುಕಿದರೂ ಕೂಡುವುದಿಲ್ಲ. ಕೆನೆ ಕಟ್ಟುವ ವೇಗವನ್ನು ಸ್ಟೋಕ್ಸ್ ನಿಯಮ ಹೇಳುತ್ತದೆ: ಹನಿಯ ತ್ರಿಜ್ಯ ಅರ್ಧವಾದರೆ ಅದು ಮೇಲೇರುವ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ತೋಳು ನೋಯುವಷ್ಟು ಅರೆಯಬೇಕಾದದ್ದು ಈ ಕಾರಣಕ್ಕೆ. ಭೌತಿಕ ಫಾರ್ಮಸಿಯ ತರಗತಿಯಲ್ಲಿ ಸೂತ್ರವನ್ನು ಬಾಯಿಪಾಠ ಮಾಡುವವರು ಅದನ್ನು ಈ ಮಾರ್ಟರಿಗೆ ಜೋಡಿಸಿಕೊಂಡರೆ ಮರೆಯಲು ಸಾಧ್ಯವೇ ಇಲ್ಲ.

ಸಿರಪ್ ಸುಲಭವೆನಿಸುತ್ತದೆ, ಆದರೆ ಅದರಲ್ಲೂ ಸಂಖ್ಯೆಗೆ ಕಾರಣವಿದೆ. ಸರಳ ಸಿರಪ್‌ನಲ್ಲಿ ತೂಕದ ಲೆಕ್ಕದಲ್ಲಿ ಶೇ. 66.7 ಸಕ್ಕರೆ. ಇದಕ್ಕಿಂತ ತೆಳುವಾದರೆ ಬೂಷ್ಟು ಹಿಡಿಯುತ್ತದೆ, ಮಂದವಾದರೆ ಬಾಟಲಿಯ ಕತ್ತಿನಲ್ಲಿ ಹರಳು ಕಟ್ಟುತ್ತದೆ, ಹೆಚ್ಚು ಕಾಯಿಸಿದರೆ ಸಕ್ಕರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು ಬಣ್ಣ ಕಂದುತ್ತದೆ.

ಶರೀರಕ್ರಿಯೆಯ ಪಾಠವನ್ನು ವೈದ್ಯ ವಿದ್ಯಾರ್ಥಿಗಳ ಪಾಠದ ಸಂಕ್ಷೇಪ ಎಂದುಕೊಳ್ಳಬಾರದು. ಕೆಂಪು ರಕ್ತಕಣದ ಪೊರೆಯನ್ನೇ ನೋಡಿ. ಅದನ್ನು ಬರಿ ನೀರಿಗೆ ಹಾಕಿದರೆ ಉಬ್ಬಿ ಒಡೆಯುತ್ತದೆ, ಗಟ್ಟಿ ಉಪ್ಪುನೀರಿನಲ್ಲಿ ಮುದುಡುತ್ತದೆ. ಕಣ್ಣಿಗೆ ಹಾಕುವ, ರಕ್ತಕ್ಕೆ ಸೇರಿಸುವ ದ್ರಾವಣಗಳು ಐಸೋಟಾನಿಕ್, ಅಂದರೆ ಕಣವನ್ನು ಉಬ್ಬಿಸದ, ಮುದುಡಿಸದ ಸಾಂದ್ರತೆಯವು, ಆಗಿರಬೇಕಾದದ್ದು ಅದಕ್ಕೇ. ಲೆಕ್ಕದ ಆಧಾರ ಶೇ. 0.9ರ ಸೋಡಿಯಂ ಕ್ಲೋರೈಡ್. ಶೇ. 1ರ ಪ್ರೊಕೇನ್ ಹೈಡ್ರೋಕ್ಲೋರೈಡ್ ದ್ರಾವಣ 30 ಮಿ.ಲೀ. ಬೇಕು ಎನ್ನೋಣ. ಬರಿ ಉಪ್ಪಿನಿಂದಾದರೆ 0.27 ಗ್ರಾಂ ಬೇಕಿತ್ತು. ಔಷಧ 0.3 ಗ್ರಾಂ ಇದೆ. ಅದರ ಒಂದು ಗ್ರಾಂ 0.21 ಗ್ರಾಂ ಉಪ್ಪಿಗೆ ಸಮ, ಹಾಗಾಗಿ ಅದರ ಕೊಡುಗೆ 0.063 ಗ್ರಾಂ. ಸೇರಿಸಬೇಕಾದ ಉಪ್ಪು 0.207 ಗ್ರಾಂ. ಸೂತ್ರ ಎಲ್ಲ ಕಡೆಯೂ ಕೈಹಿಡಿಯುವುದಿಲ್ಲ ಎಂಬುದಕ್ಕೂ ಇಲ್ಲೇ ಉದಾಹರಣೆಯಿದೆ. ಶೇ. 1.9ರ ಬೋರಿಕ್ ಆಮ್ಲ ಲೆಕ್ಕದ ಪ್ರಕಾರ ಸರಿಯಾಗಿರುತ್ತದೆ, ಆದರೆ ಬೋರಿಕ್ ಆಮ್ಲ ರಕ್ತಕಣದ ಪೊರೆಯನ್ನು ದಾಟಿ ಒಳಹೋಗುವುದರಿಂದ ಕಣ ಒಡೆಯುತ್ತದೆ. ಪೊರೆಯ ಗುಣ ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದೇ ಇಲ್ಲ.

ರಸಾಯನಶಾಸ್ತ್ರ ಮತ್ತು ವಿಶ್ಲೇಷಣೆಗೆ ಆಸ್ಪಿರಿನ್‌ಗಿಂತ ಒಳ್ಳೆಯ ಗುರು ನನಗೆ ಕಾಣುವುದಿಲ್ಲ. ಅದನ್ನು ತಯಾರಿಸಲು 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲ, 5 ಮಿ.ಲೀ. ಅಸಿಟಿಕ್ ಅನ್‌ಹೈಡ್ರೈಡ್, ಕೆಲವು ಹನಿ ಸಾರೀಕೃತ ಸಲ್ಫ್ಯೂರಿಕ್ ಆಮ್ಲ, ಬಿಸಿನೀರಿನ ತೊಟ್ಟಿಯಲ್ಲಿ ಸುಮಾರು 15 ನಿಮಿಷ. ಅನ್‌ಹೈಡ್ರೈಡ್ ಮತ್ತು ಆಮ್ಲ ಎರಡೂ ಚರ್ಮ, ಕಣ್ಣು ಸುಡುತ್ತವೆ. ಕನ್ನಡಕ, ಕೈಗವಸು ಹಾಕಿಕೊಂಡು ಫ್ಯೂಮ್ ಹುಡ್‌ನಲ್ಲೇ ಮಾಡಬೇಕು. ಫ್ಲಾಸ್ಕ್ ಒದ್ದೆಯಿದ್ದರೆ ಅನ್‌ಹೈಡ್ರೈಡ್ ನೀರಿನೊಂದಿಗೇ ವರ್ತಿಸಿ ವ್ಯರ್ಥವಾಗುತ್ತದೆ. ಸೈದ್ಧಾಂತಿಕವಾಗಿ ಬರಬೇಕಾದ ಇಳುವರಿ 2.61 ಗ್ರಾಂ. ಯಾರಾದರೂ 3 ಗ್ರಾಂ ಬಂತೆಂದು ಸಂತೋಷಪಟ್ಟರೆ ಹರಳು ಇನ್ನೂ ಒಣಗಿಲ್ಲ ಎಂದರ್ಥ. ತೀರ ಕಡಿಮೆ ಬಂದರೆ ತೊಳೆದ ನೀರನ್ನು ಅನುಮಾನಿಸಿ: ಕೊಠಡಿಯ ತಾಪಮಾನದಲ್ಲಿ 1 ಗ್ರಾಂ ಆಸ್ಪಿರಿನ್ ಸುಮಾರು 300 ಮಿ.ಲೀ. ನೀರಿನಲ್ಲಿ ಕರಗುತ್ತದೆ, ಹಾಗಾಗಿ ಹಿಮದಂತೆ ತಣ್ಣಗಿರುವ ನೀರನ್ನೇ, ಅದೂ ಸ್ವಲ್ಪವೇ ಬಳಸಬೇಕು. ಒಂದು ಹರಳಿಗೆ ಫೆರಿಕ್ ಕ್ಲೋರೈಡ್ ಹನಿಸಿದಾಗ ನೇರಳೆ ಬಣ್ಣ ಬಂದರೆ ಸ್ಯಾಲಿಸಿಲಿಕ್ ಆಮ್ಲ ಉಳಿದಿದೆ. ಹಳೆಯ ಆಸ್ಪಿರಿನ್ ಬಾಟಲಿ ತೆರೆದಾಗ ವಿನೆಗರ್ ವಾಸನೆ ಬಂದರೆ ತೇವಾಂಶದಿಂದ ಅದೇ ಕ್ರಿಯೆ ಹಿಂದಕ್ಕೆ ತಿರುಗಿದೆ.

ಮುಂದೆ ಅದೇ ಆಸ್ಪಿರಿನ್ ಬಲ ಗೊತ್ತಿರುವ ದ್ರಾವಣದಿಂದ ಪ್ರಮಾಣ ಅಳೆಯುವ ಟೈಟ್ರೇಷನ್‌ಗೆ ಬರುತ್ತದೆ. ಸುಮಾರು 1.5 ಗ್ರಾಂ ತೂಗಿ, ಆಲ್ಕೋಹಾಲಿನಲ್ಲಿ ಕರಗಿಸಿ, 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 50 ಮಿ.ಲೀ. ಸೇರಿಸಿ, 10 ನಿಮಿಷ ಸಣ್ಣಗೆ ಕುದಿಸಿ, ತಣಿಸಿ, ಉಳಿದ ಕ್ಷಾರವನ್ನು ಅಷ್ಟೇ ಬಲದ ಹೈಡ್ರೋಕ್ಲೋರಿಕ್ ಆಮ್ಲದಿಂದ ಅಳೆಯುವುದು. ಒಂದು ಅಣು ಆಸ್ಪಿರಿನ್ ಎರಡು ಅಣು ಕ್ಷಾರವನ್ನು ಬಳಸುತ್ತದೆ, ಆಮ್ಲದ ಗುಂಪಿಗೆ ಒಂದು, ಎಸ್ಟರಿಗೆ ಇನ್ನೊಂದು. ಹಾಗಾಗಿ ಬಳಕೆಯಾದ ಪ್ರತಿ ಮಿ.ಲೀ. ಕ್ಷಾರ 45.04 ಮಿ.ಗ್ರಾಂ ಆಸ್ಪಿರಿನ್‌ಗೆ ಸಮ. ಎಸ್ಟರನ್ನು ಮರೆತು 90.08 ಎಂದು ಹಾಕಿದವರಿಗೆ ಶುದ್ಧತೆ ಶೇ. 200ರ ಹತ್ತಿರ ಬರುತ್ತದೆ. ಖಾಲಿ ಪ್ರಯೋಗವನ್ನು, ಅಂದರೆ ಔಷಧವಿಲ್ಲದೆ ಇದೇ ಕ್ರಮವನ್ನು, ಬಿಡಬಾರದು. ಕುದಿಯುವಾಗ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಂಡಿರುತ್ತದೆ.

ಆಸ್ಪಿರಿನ್‌ನ ಪಿಕೆಎ, ಅಂದರೆ ಅದರ ಅರ್ಧ ಅಣುಗಳು ಅಯಾನಾಗಿರುವ ಪಿಎಚ್, 3.5. ಜಠರದ ಪಿಎಚ್ 1.5 ಇದ್ದಾಗ ಅಯಾನಾಗದ ಅಣುಗಳು ನೂರಕ್ಕೆ ಅಯಾನಾದದ್ದು ಒಂದು. ರಕ್ತದ 7.4ರಲ್ಲಿ ಲೆಕ್ಕ ತಿರುಗಿ ಸುಮಾರು 8000 ಅಯಾನುಗಳಿಗೆ ಒಂದು. ಅಯಾನಾಗದ ಅಣುವೇ ಪೊರೆ ದಾಟುವುದು ಎಂದು ಓದಿದವರು ಆಸ್ಪಿರಿನ್ ಹೀರಿಕೆ ಪೂರ್ತಿ ಜಠರದಲ್ಲೇ ಎಂದು ಬರೆದುಬಿಡುತ್ತಾರೆ. ಸಣ್ಣ ಕರುಳಿನ ಮೇಲ್ಮೈ ಎಷ್ಟು ವಿಶಾಲವೆಂದರೆ ಪಿಎಚ್ ಅನುಕೂಲವಿಲ್ಲದಿದ್ದರೂ ಹೆಚ್ಚಿನ ಹೀರಿಕೆ ಅಲ್ಲೇ ಆಗುತ್ತದೆ.

ಫಾರ್ಮಕಾಗ್ನಸಿಯಲ್ಲಿ ಪುಡಿಯಾದ ಸಸ್ಯವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವುದೇ ಮುಖ್ಯ. ಫ್ಲೋರೋಗ್ಲೂಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಲಿಗ್ನಿನ್ ಇರುವ ನಾರನ್ನು ಕೆಂಪಾಗಿಸುತ್ತವೆ, ಅಯೋಡಿನ್ ಪಿಷ್ಟವನ್ನು ನೀಲಿಯಾಗಿಸುತ್ತದೆ. ಕ್ಲೋರಲ್ ಹೈಡ್ರೇಟಿನಲ್ಲಿ ಕುದಿಸಿದ ಸ್ಲೈಡಿನಲ್ಲಿ ಪಿಷ್ಟ ಹುಡುಕಬೇಡಿ, ಅದು ಕರಗಿಹೋಗಿರುತ್ತದೆ. ಪಿಷ್ಟಕ್ಕೆ ನೀರಿನಲ್ಲಿ ಬೇರೆ ಸ್ಲೈಡ್ ಮಾಡಿ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವಿಗೆ 121 ಡಿಗ್ರಿ ಸೆಲ್ಸಿಯಸ್, 15 ನಿಮಿಷ. ಒಳಗಿನ ಗಾಳಿ ಪೂರ್ತಿ ಹೊರಹೋಗದಿದ್ದರೆ ಒತ್ತಡದ ಮುಳ್ಳು ಸರಿಯಾಗಿಯೇ ತೋರಿಸುತ್ತದೆ, ತಾಪಮಾನ ಮಾತ್ರ ಅಷ್ಟು ಏರಿರುವುದಿಲ್ಲ. ಎಣ್ಣೆಯೊಳಗೆ ಹಬೆ ಹೊಗುವುದಿಲ್ಲ, ಅದಕ್ಕೆ 160 ಡಿಗ್ರಿ ಒಣ ಶಾಖ, ಎರಡು ಗಂಟೆ.

ದ್ರಾವಕಗಳ ಪಾಠದಲ್ಲಿ 1937ರ ಅಮೆರಿಕದ ಸಲ್ಫಾನಿಲಮೈಡ್ ಎಲಿಕ್ಸಿರ್ (ಸೋಂಕಿಗೆ ಕೊಡುತ್ತಿದ್ದ ಸಿಹಿ ದ್ರವ ಔಷಧ) ದುರಂತವನ್ನು ಪ್ರತಿ ವಿದ್ಯಾರ್ಥಿಯೂ ಓದಬೇಕು. ನೀರಿನಲ್ಲಿ ಸರಿಯಾಗಿ ಕರಗದ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದರು. ರುಚಿ, ಬಣ್ಣ, ಪರಿಮಳ ಪರೀಕ್ಷಿಸಿದರು, ವಿಷವೇ ಎಂದು ಮಾತ್ರ ನೋಡಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಮಾರಾಟಕ್ಕೆ ಮುಂಚೆ ಸುರಕ್ಷತೆಯನ್ನು ತೋರಿಸಬೇಕೆಂಬ ಕಾನೂನು ಅಲ್ಲಿ 1938ರಲ್ಲಿ ಬಂತು. ಔಷಧವಲ್ಲದ ಘಟಕಗಳ ಗುಣಲಕ್ಷಣವನ್ನು ಇಷ್ಟು ವಿವರವಾಗಿ ಕಲಿಸುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಇನ್ನು ಪ್ರಯೋಗದ ದಾಖಲೆ ಪುಸ್ತಕ. ಅದನ್ನು ಅಂದಚೆಂದಕ್ಕಾಗಿ ಮನೆಯಲ್ಲಿ ಮತ್ತೆ ಬರೆಯುವ ಅಭ್ಯಾಸವನ್ನು ಮೊದಲ ತಿಂಗಳಲ್ಲೇ ಬಿಡಬೇಕು. ತೂಗಿದ ಕ್ಷಣದಲ್ಲೇ, ತೂಗಿದ ಸಂಖ್ಯೆಯನ್ನೇ, ಶಾಯಿಯಲ್ಲಿ ಬರೆಯಿರಿ. ತಪ್ಪಾದರೆ ಹಳೆಯ ಸಂಖ್ಯೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕಿ. ಯಾವ ತಕ್ಕಡಿ, ಯಾವ ಬ್ಯಾಚಿನ ಪುಡಿ, ದ್ರಾವಣ ತಯಾರಿಸಿದ ದಿನ ಯಾವುದು ಎಂಬುದೂ ಇರಲಿ. ಔಷಧ ಕಾರ್ಖಾನೆಯ ಬ್ಯಾಚ್ ದಾಖಲೆಯನ್ನು ಬರೆಯುವ ಕ್ರಮವೂ ಇದೇ. ಅಲ್ಲಿ ಒಂದು ಸಂಖ್ಯೆಯ ಮೇಲೆ ಇನ್ನೊಂದನ್ನು ತಿದ್ದಿ ಬರೆದರೆ ಇಡೀ ಬ್ಯಾಚನ್ನೇ ತಡೆಹಿಡಿಯಬಹುದು.