ಮಧ್ಯದ ನಲ್ಲಿಯ ಸ್ಯಾಂಪಲ್ ಯಾಕೆ ಬೇಕು? ಪೆಟ್ರೋಲ್ ಬೆರೆತ ಅಂತರ್ಜಲದ ಬಗ್ಗೆ ನನ್ನ ಟಿಪ್ಪಣಿ

ನೆಲದಡಿಯ ಟ್ಯಾಂಕ್ ಸೋರಿ ಪೆಟ್ರೋಲ್ ಅಂತರ್ಜಲಕ್ಕೆ ಸೇರಿದರೆ, ಆ ನೀರನ್ನು ಪಂಪ್ ಮಾಡಿ ಮೇಲೆತ್ತುತ್ತಾರೆ. ಆಕ್ಟಿವೇಟೆಡ್ ಕಾರ್ಬನ್ (ಮಾಲಿನ್ಯವನ್ನು ತನ್ನ ಸಣ್ಣ ರಂಧ್ರಗಳಲ್ಲಿ ಹಿಡಿದಿಡುವ ಇದ್ದಿಲು) ತುಂಬಿದ ಎರಡು ಟ್ಯಾಂಕ್‌ಗಳಲ್ಲಿ ಒಂದರ ನಂತರ ಒಂದರಂತೆ ಹಾಯಿಸಿ ಹೊರಗೆ ಬಿಡುತ್ತಾರೆ. ಇಲ್ಲಿಯವರೆಗೆ ಕಷ್ಟವಿಲ್ಲ.

ನಾನು ಎರಡು ದಿನ ಸಿಕ್ಕಿಕೊಂಡಿದ್ದು ಸ್ಯಾಂಪಲ್ ನಲ್ಲಿಗಳ ವಿಷಯದಲ್ಲಿ. ಮೂರು ನಲ್ಲಿ ಇರುತ್ತವೆ: ಮೊದಲ ಟ್ಯಾಂಕ್‌ಗಿಂತ ಮುಂಚೆ ಒಂದು, ಎರಡರ ಮಧ್ಯೆ ಒಂದು, ಕೊನೆಯಲ್ಲಿ ಒಂದು. ಹೊರಗೆ ಹೋಗುವ ನೀರು ಶುದ್ಧವಾಗಿದ್ದರೆ ಸಾಕಲ್ವಾ, ಮಧ್ಯದ್ದನ್ನು ಯಾಕೆ ಪರೀಕ್ಷೆ ಮಾಡಬೇಕು?

ಉತ್ತರ ಸಮಯದಲ್ಲಿದೆ. ಲ್ಯಾಬ್ ವರದಿ ಬರಲು ಕೆಲವು ದಿನ ಬೇಕು. ಕೊನೆಯ ನಲ್ಲಿಯಲ್ಲಿ ಬೆಂಜೀನ್ (ಪೆಟ್ರೋಲ್‌ನಲ್ಲಿರುವ ಒಂದು ವಿಷಕಾರಿ ರಾಸಾಯನಿಕ) ಕಂಡಿತು ಅನ್ನುವ ಹೊತ್ತಿಗೆ ಆ ನೀರು ಆಗಲೇ ಹಳ್ಳಕ್ಕೋ ಚರಂಡಿಗೋ ಹೋಗಿರುತ್ತದೆ. ಮಧ್ಯದ ನಲ್ಲಿಯಲ್ಲಿ ಕಂಡರೆ, ಮೊದಲ ಟ್ಯಾಂಕಿನ ಕಾರ್ಬನ್ ತುಂಬುತ್ತಾ ಬಂದಿದೆ, ಆದರೆ ಎರಡನೆಯದು ಇನ್ನೂ ಹಿಡಿದುಕೊಳ್ಳುತ್ತಿದೆ ಎಂದರ್ಥ. ಅಂದರೆ ಮಧ್ಯದಲ್ಲಿ ಕಾಣಿಸಿಕೊಳ್ಳುವುದು ವೈಫಲ್ಯವಲ್ಲ, ಮುನ್ಸೂಚನೆ. ಇದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಸಲೀಸಾಯಿತು.

ಕಾರ್ಬನ್ ಬದಲಿಸುವಾಗ ಇನ್ನೊಂದು ತಿರುವು ಇದೆ. ಮೊದಲ ಟ್ಯಾಂಕಿಗೆ ಹೊಸ ಕಾರ್ಬನ್ ತುಂಬಿ ಅಲ್ಲೇ ಬಿಡುವುದು ಅಂದುಕೊಂಡಿದ್ದೆ. ಹಾಗಲ್ಲ. ವಾಲ್ವ್ ತಿರುಗಿಸಿ ಹಳೆಯ ಎರಡನೇ ಟ್ಯಾಂಕನ್ನು ಮೊದಲನೆಯದಾಗಿ ಮಾಡುತ್ತಾರೆ, ಹೊಸ ಕಾರ್ಬನ್ ಇರುವುದು ಕೊನೆಗೆ ಹೋಗುತ್ತದೆ. ಎರಡನೆಯದು ಆಗಲೇ ಸ್ವಲ್ಪ ಹೀರಿಕೊಂಡಿರುತ್ತದೆ. ಅದನ್ನು ಕಾವಲಿಗೆ ಕೊನೆಯಲ್ಲಿ ನಿಲ್ಲಿಸಬಾರದು. ಕೊನೆಯಲ್ಲಿ ಯಾವಾಗಲೂ ತಾಜಾ ಕಾರ್ಬನ್ ಇರಬೇಕು.

ಈಗ ನನ್ನನ್ನು ಅತಿ ಹೆಚ್ಚು ಕಾಡಿದ್ದು. ಮಧ್ಯದಲ್ಲಿ ಮೊದಲು ಕಾಣುವುದು ಬೆಂಜೀನ್ ಆಗಿರಬೇಕಿಲ್ಲ. ಪೆಟ್ರೋಲ್‌ನಲ್ಲಿ ಎಂಟಿಬಿಇ (ಚೆನ್ನಾಗಿ ಉರಿಯಲೆಂದು ಪೆಟ್ರೋಲ್‌ಗೆ ಬೆರೆಸುವ ಒಂದು ರಾಸಾಯನಿಕ) ಇದ್ದರೆ ಅದೇ ಮೊದಲು ನುಸುಳುತ್ತದೆ. ಒಂದು ಲೀಟರ್ ನೀರಿನಲ್ಲಿ ಬೆಂಜೀನ್ ಸುಮಾರು 1.8 ಗ್ರಾಂ ಕರಗಿದರೆ, ಎಂಟಿಬಿಇ 40 ಗ್ರಾಂಗಿಂತ ಜಾಸ್ತಿ ಕರಗುತ್ತದೆ. ನೀರನ್ನು ಅಷ್ಟು ಇಷ್ಟಪಡುವ ವಸ್ತು ಕಾರ್ಬನ್‌ಗೆ ಗಟ್ಟಿಯಾಗಿ ಅಂಟುವುದಿಲ್ಲ.

ಅಭ್ಯಾಸಕ್ಕೆ ನಾನೇ ಹಾಕಿಕೊಂಡ ಲೆಕ್ಕ ನೋಡಿ. ಒಳಗೆ ಬರುವ ಎಂಟಿಬಿಇ ಲೀಟರಿಗೆ 40 ಮೈಕ್ರೋಗ್ರಾಂ, ಮಧ್ಯದಲ್ಲಿ 52, ಕೊನೆಯಲ್ಲಿ ಪತ್ತೆಯಿಲ್ಲ. ಬಂದದ್ದಕ್ಕಿಂತ ಜಾಸ್ತಿ ಹೊರಬರುವುದು ಹೇಗೆ? ಲ್ಯಾಬ್ ತಪ್ಪು ಅನ್ನಿಸುತ್ತದೆ, ಆದರೆ ಹೀಗಾಗುವುದು ಸಾಧ್ಯ. ಕಾರ್ಬನ್‌ನ ರಂಧ್ರಗಳಲ್ಲಿ ಜಾಗ ಕಡಿಮೆ. ಗಟ್ಟಿಯಾಗಿ ಅಂಟುವ ಬೆಂಜೀನ್ ಬಂದು ಮೊದಲೇ ಕೂತಿದ್ದ ಎಂಟಿಬಿಇಯನ್ನು ಎಬ್ಬಿಸಿ ಕಳಿಸುತ್ತದೆ. ಹಿಂದಿನ ವಾರಗಳಲ್ಲಿ ಹಿಡಿದಿಟ್ಟದ್ದು ಇವತ್ತಿನದರ ಜೊತೆ ಸೇರಿ ಹೊರಗೆ ಬರುತ್ತದೆ. ಆದ್ದರಿಂದ ಬೆಂಜೀನ್ ಅಂಕಣ ಒಂದನ್ನೇ ನೋಡಿ ನಿಶ್ಚಿಂತೆಯಿಂದ ಇರಬೇಡಿ.

ಇದರ ಗಂಭೀರತೆ ತಿಳಿಯಲು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನೋಡಿ. ಎಂಟಿಬಿಇ ಸೇರಿದ್ದರಿಂದ 1996ರಲ್ಲಿ ಅಲ್ಲಿನ ಚಾರ್ನಾಕ್ ಬಾವಿಗಳನ್ನು ಮುಚ್ಚಬೇಕಾಯಿತು. ಊರಿನ ನೀರಿನ ಸುಮಾರು ಅರ್ಧ ಭಾಗ ಕೈತಪ್ಪಿತು. ಕಾರ್ಬನ್ ಶುದ್ಧೀಕರಣ ಅಳವಡಿಸಿ ಮತ್ತೆ ನೀರು ಪಡೆಯುವ ಹೊತ್ತಿಗೆ 2010ರ ಕೊನೆ. ಆ ರಾಜ್ಯದಲ್ಲಿ ಕುಡಿಯುವ ನೀರಿನ ಎಂಟಿಬಿಇ ಮಿತಿ ಆರೋಗ್ಯದ ದೃಷ್ಟಿಯಿಂದ ಲೀಟರಿಗೆ 13 ಮೈಕ್ರೋಗ್ರಾಂ, ರುಚಿ ಮತ್ತು ವಾಸನೆಯ ದೃಷ್ಟಿಯಿಂದ 5.

ಸ್ಯಾಂಪಲ್ ತೆಗೆಯುವುದು: ಕೊನೆಯ ನಲ್ಲಿಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಶುದ್ಧ ನೀರು ಮೊದಲು, ಕೊಳಕು ನೀರು ಕೊನೆಗೆ. 40 ಮಿಲಿಯ ಗಾಜಿನ ಬಾಟಲಿಯಲ್ಲಿ ಮೊದಲೇ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಬ್ಯಾಕ್ಟೀರಿಯಾ ದಾರಿಯಲ್ಲೇ ಬೆಂಜೀನನ್ನು ತಿಂದು ಮುಗಿಸಬಾರದು ಅಂತ ಅದನ್ನು ಹಾಕುವುದು. ಹಾಗಾಗಿ ಬಾಟಲಿ ತೊಳೆಯಬೇಡಿ, ನೀರು ಉಕ್ಕಿ ಹರಿಯಲು ಬಿಡಬೇಡಿ. ನಲ್ಲಿಯನ್ನು ಸಣ್ಣದಾಗಿ ಬಿಟ್ಟು, ಬಾಟಲಿ ಓರೆ ಹಿಡಿದು, ಬಾಯಿಯ ಮೇಲೆ ನೀರು ಉಬ್ಬಿ ನಿಲ್ಲುವ ತನಕ ತುಂಬಿಸಿ. ಮುಚ್ಚಳ ಹಾಕಿ, ತಲೆಕೆಳಗು ಮಾಡಿ, ಬೆರಳಿನಿಂದ ತಟ್ಟಿ. ಗುಳ್ಳೆ ಮೇಲೇರುತ್ತದಾ ನೋಡಿ. ಬಟಾಣಿಯಷ್ಟು ಗುಳ್ಳೆ ಇದ್ದರೆ ಆ ಸ್ಯಾಂಪಲ್ ಬಿಟ್ಟು ಹೊಸ ಬಾಟಲಿ ತೆಗೆದುಕೊಳ್ಳಿ. ನೀರಿನಲ್ಲಿದ್ದ ಬೆಂಜೀನ್ ಆವಿಯಾಗಿ ಆ ಗುಳ್ಳೆಗೆ ಸೇರುತ್ತದೆ, ವರದಿಯಲ್ಲಿ ಸಂಖ್ಯೆ ಕಡಿಮೆ ಬರುತ್ತದೆ. ನಂತರ ಐಸ್ ಪೆಟ್ಟಿಗೆ, 14 ದಿನದೊಳಗೆ ಪರೀಕ್ಷೆ.

ವರದಿಯಲ್ಲಿ ‘ಎನ್‌ಡಿ’ (ಪತ್ತೆಯಾಗಿಲ್ಲ) ಅಂದರೆ ಸೊನ್ನೆ ಅಲ್ಲ. ಪಕ್ಕದಲ್ಲಿರುವ ಪತ್ತೆ ಮಿತಿಯನ್ನೂ (ಲ್ಯಾಬ್ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ) ಬರೆದುಕೊಳ್ಳಿ. ಮಿತಿ 0.5 ಇದ್ದರೆ ನಿಮಗೆ ಗೊತ್ತಾದದ್ದು 0.5ಕ್ಕಿಂತ ಕಡಿಮೆ ಅನ್ನುವುದಷ್ಟೇ.

ತೆಗೆದ ಮಾಲಿನ್ಯದ ತೂಕ ಸುಲಭ. ನಿಮಿಷಕ್ಕೆ 50 ಲೀಟರ್ ಅಂದರೆ ದಿನಕ್ಕೆ 72,000 ಲೀಟರ್. ಲೀಟರಿಗೆ 500 ಮೈಕ್ರೋಗ್ರಾಂ ಇದ್ದು ಅಷ್ಟೂ ಕಾರ್ಬನ್‌ನಲ್ಲಿ ಉಳಿದರೆ ದಿನಕ್ಕೆ 36 ಗ್ರಾಂ.

ಕೊನೆಯ ನಲ್ಲಿ ವರ್ಷವಿಡೀ ‘ಎನ್‌ಡಿ’ ತೋರಿಸಿದರೂ ಅದು ಕಾರ್ಬನ್ ಬಗ್ಗೆ ಮಾತ್ರ ಹೇಳುತ್ತದೆ, ನೆಲದ ಬಗ್ಗೆ ಅಲ್ಲ. ಮಣ್ಣಿನ ಕಣಗಳಿಗೆ ಅಂಟಿಕೊಂಡ ಪೆಟ್ರೋಲ್ ಪಂಪ್ ನಿಲ್ಲಿಸಿದ ಮೇಲೆ ನಿಧಾನವಾಗಿ ನೀರಿಗೆ ಮರಳುತ್ತದೆ. ಅದಕ್ಕೇ ಪಂಪ್ ಆಫ್ ಮಾಡಿದ ನಂತರವೂ ಸುತ್ತಲಿನ ಬಾವಿಗಳಿಂದ ಕೆಲವು ತಿಂಗಳಿಗೊಮ್ಮೆ ಸ್ಯಾಂಪಲ್ ತೆಗೆಯುತ್ತಲೇ ಇರುತ್ತಾರೆ.