ಡ್ರ್ಯಾಗ್ ರೇಸ್ ಡ್ರೈವರ್ ಹಿಂದಿನ ಚಕ್ರಗಳ ಆಚೆ ಯಾಕೆ ಕೂರುತ್ತಿದ್ದ?

ಪ್ರಶ್ನೆ: ಅಮೆರಿಕದ ಹಳೇ ಡ್ರ್ಯಾಗ್ ರೇಸ್ ಫೋಟೋಗಳಲ್ಲಿ ಡ್ರೈವರ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಕೂತಿರುತ್ತಾನೆ. ಯಾಕೆ ಹಾಗೆ?

ಚಕ್ರ ಜಾರಬಾರದು ಅಂತ. ಈ ಉಪಾಯಕ್ಕೆ ಹೆಸರಾದವರು ಕ್ಯಾಲಿಫೋರ್ನಿಯಾದ ಮಿಕಿ ಥಾಂಪ್ಸನ್. ಆಗ ಅವರು 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆಯ ಮುದ್ರಣ ವಿಭಾಗದಲ್ಲಿ ದುಡಿಯುತ್ತಿದ್ದರು. ಕೆಲಸದ ಜೊತೆಗೇ ಕಾರು ಕಟ್ಟುವುದು, ಓಡಿಸುವುದು.

ಡ್ರ್ಯಾಗ್ ರೇಸ್ ಅಂದರೆ ನಿಂತ ಜಾಗದಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್, ನೇರ ಓಟ. 1950ರ ದಶಕದಲ್ಲಿ ಎಂಜಿನ್‌ಗಳ ಶಕ್ತಿ ಏರುತ್ತಲೇ ಹೋಯಿತು. ಟೈರ್‌ಗಳಿಗೆ ಅಷ್ಟು ಹಿಡಿತ ಇರಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಚಕ್ರ ಇದ್ದಲ್ಲೇ ಗರಗರ ತಿರುಗಿ ಹೊಗೆ ಏಳುತ್ತಿತ್ತು. ಎಷ್ಟು ಶಕ್ತಿ ಇದ್ದರೇನು, ನೆಲ ಕಚ್ಚದಿದ್ದರೆ ಎಲ್ಲಾ ವ್ಯರ್ಥ ಅಲ್ವಾ?

ಥಾಂಪ್ಸನ್ ಡ್ರೈವರ್ ಸೀಟನ್ನೇ ಹಿಂದಿನ ಆ್ಯಕ್ಸಲ್‌ನ ಆಚೆಗೆ ತಳ್ಳಿದರು. ಎತ್ತಿನ ಗಾಡಿಯ ಹಿಂಬದಿಗೆ ಭಾರ ಜಾಸ್ತಿಯಾದರೆ ನೊಗ ಮೇಲೇಳುತ್ತದಲ್ಲ, ಇಲ್ಲೂ ಅದೇ ಲೆಕ್ಕ. ಡ್ರೈವರ್ ಭಾರವೆಲ್ಲ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ, ಜೊತೆಗೆ ಮುಂದಿನ ಚಕ್ರಗಳ ಮೇಲಿದ್ದ ಭಾರದಲ್ಲೂ ಒಂದು ಪಾಲು ಹಿಂದಕ್ಕೆ ಬರುತ್ತದೆ. ಒಂದು ಕಿಲೋ ಕಬ್ಬಿಣವನ್ನೂ ಸೇರಿಸದೆ ಹಿಡಿತ ಸಿಕ್ಕಿತು! ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಇದೇ. 1955ರಲ್ಲಿ ಕಾನ್ಸಾಸ್‌ನ ಗ್ರೇಟ್ ಬೆಂಡ್‌ನಲ್ಲಿ ನಡೆದ ಎನ್‌ಎಚ್‌ಆರ್‌ಎ (ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ) ಮೊದಲ ರಾಷ್ಟ್ರೀಯ ಸ್ಪರ್ಧೆಗೆ ಥಾಂಪ್ಸನ್ ಇಂಥ ಕಾರನ್ನೇ ತಂದರು. 'ಸ್ಲಿಂಗ್‌ಶಾಟ್' ಅಂತ ಅದಕ್ಕೆ ಹೆಸರಾಯಿತು. ಉಳಿದವರೂ ಅದೇ ದಾರಿ ಹಿಡಿದರು.

ಅದೇ ವರ್ಷ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಳಿ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್ ಎಂಬ ರೇಸ್ ಟ್ರ್ಯಾಕ್ ಶುರುವಾಯಿತು. ಅದರ ಮೊದಲ ಮ್ಯಾನೇಜರ್ ಕೂಡ ಇವರೇ. 1960ರಲ್ಲಿ ನಾಲ್ಕು ಪಾಂಟಿಯಾಕ್ ಎಂಜಿನ್ ಜೋಡಿಸಿದ 'ಚಾಲೆಂಜರ್' ಕಾರನ್ನು ಯೂಟಾ ರಾಜ್ಯದ ಬಾನ್‌ವಿಲ್‌ನ ಉಪ್ಪಿನ ಬಯಲಲ್ಲಿ ಗಂಟೆಗೆ 406 ಮೈಲಿ ದಾಟಿಸಿದರು, ಸುಮಾರು 654 ಕಿ.ಮೀ.

ಹಾಗಾದರೆ ಇವತ್ತಿನ ಕಾರುಗಳಲ್ಲಿ ಡ್ರೈವರ್ ಎಂಜಿನ್‌ಗಿಂತ ಮುಂದೆ ಯಾಕಿದ್ದಾನೆ? ಸ್ಲಿಂಗ್‌ಶಾಟ್‌ನಲ್ಲಿ ಎಂಜಿನ್ ಡ್ರೈವರ್‌ನ ಕಣ್ಣೆದುರೇ, ಕ್ಲಚ್ಚು, ಗೇರು ಕಾಲುಗಳ ನಡುವೆ. ಏನಾದರೂ ಸಿಡಿದರೆ ನೇರ ಮೈಗೇ. 1970ರಲ್ಲಿ ಅದೇ ಲಯನ್ಸ್ ಟ್ರ್ಯಾಕ್‌ನಲ್ಲಿ ರೇಸರ್ ಡಾನ್ ಗಾರ್ಲಿಟ್ಸ್ ಅವರ ಕಾರಿನ ಗೇರ್ ವ್ಯವಸ್ಥೆ ಸಿಡಿದು ಅವರ ಬಲ ಪಾದದ ಒಂದು ಭಾಗವೇ ಹೋಯಿತು. ಅವರು ಎಂಜಿನ್ನನ್ನು ಬೆನ್ನ ಹಿಂದೆ ಕೂರಿಸಿದ ಕಾರು ಕಟ್ಟಿ 1971ರಲ್ಲಿ ಗೆಲ್ಲತೊಡಗಿದರು. ಕೆಲವೇ ವರ್ಷಗಳಲ್ಲಿ ಇಂಥ ಕಾರು ಓಡಿಸುವವರೆಲ್ಲ ಸ್ಲಿಂಗ್‌ಶಾಟ್ ಬಿಟ್ಟು ಅವರನ್ನೇ ಅನುಸರಿಸಿದರು.