ಸಿರ್ವಾ: ಲಸಿಕೆಯ ಸೂಜಿ ಭುಜಕ್ಕೆ ಪೆಟ್ಟು ಕೊಟ್ಟಾಗ

ಲಸಿಕೆ ಹಾಕಿಸಿಕೊಂಡ ಮೇಲೆ ಒಂದೆರಡು ದಿನ ತೋಳು ನೋಯುವುದು ಮಾಮೂಲು. ಆದರೆ ವಾರಗಳು ಕಳೆದರೂ ತಲೆ ಬಾಚಿಕೊಳ್ಳಲು, ಬಿಎಂಟಿಸಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಕೈ ಏಳದಿದ್ದರೆ ಅದು ಸಿರ್ವಾ ಇರಬಹುದು. ಲಸಿಕೆ ಚುಚ್ಚುವಾಗ ಭುಜಕ್ಕೆ ಆಗುವ ಗಾಯವನ್ನು ವೈದ್ಯರು ಹೀಗೆ ಕರೆಯುತ್ತಾರೆ.

ಇಲ್ಲಿ ತೊಂದರೆಯ ಮೂಲ ಸೂಜಿ ಹೋದ ಜಾಗ. ಅದು ತೋಳಿನ ಡೆಲ್ಟಾಯ್ಡ್ ಸ್ನಾಯುವಿನ ದಪ್ಪ ಭಾಗಕ್ಕೆ, ಭುಜದ ಮೂಳೆಯ ತುದಿಯಿಂದ ಎರಡು ಮೂರು ಬೆರಳು ಕೆಳಗೆ ಹೋಗಬೇಕು. ತೀರಾ ಮೇಲೆ ಚುಚ್ಚಿದರೆ ಸ್ನಾಯುವಿನ ಅಡಿಯಲ್ಲಿರುವ ಬರ್ಸಾ ಎಂಬ ತೆಳು ಚೀಲಕ್ಕೆ ಲಸಿಕೆ ಸೇರಬಹುದು. ಆಗ ಅಲ್ಲೇ ಉರಿಯೂತ ಶುರುವಾಗುತ್ತದೆ. ಅಂಗಿಯ ಕಾಲರ್ ಪಕ್ಕಕ್ಕೆ ಜಗ್ಗಿ ಭುಜ ತೋರಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ ಅಲ್ವಾ? ದಯವಿಟ್ಟು ಬೇಡ, ಇಡೀ ತೋಳು ಕಾಣಲಿ. ಇದು ಅಪರೂಪದ ಗಾಯ. ಇದಕ್ಕೆ ಹೆದರಿ ಲಸಿಕೆ ಬಿಡಬೇಡಿ.

ಅಮೆರಿಕದಲ್ಲಿ ಇದಕ್ಕೆ ಪರಿಹಾರದ ದಾರಿಯೇ ಬೇರೆ. 1986ರ ಕಾನೂನಿನಿಂದ ಹುಟ್ಟಿದ ಲಸಿಕೆ ಪರಿಹಾರ ಯೋಜನೆ ಅಲ್ಲಿದೆ. ಅದರ ಗಾಯಗಳ ಪಟ್ಟಿಗೆ 2017ರಲ್ಲಿ ಸಿರ್ವಾ ಸೇರಿತು. ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಅದೇ ಭುಜದಲ್ಲಿ ಮೊದಲು ತೊಂದರೆ ಇದ್ದಿರಬಾರದು, ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಕಾಡಿರಬೇಕು. ಇಷ್ಟಿದ್ದರೆ ಚುಚ್ಚಿದವರ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಅರ್ಜಿಗೆ ಮೂರು ವರ್ಷ ಕಾಲಾವಕಾಶ. ಹಣ ಬರುವುದು ಪ್ರತಿ ಡೋಸ್ ಮೇಲಿನ ತೆರಿಗೆಯಿಂದ. ನೊಂದವರನ್ನು ತಪ್ಪು ಯಾರದು ಎಂಬ ವಾದಕ್ಕೆ ಎಳೆಯದ ಈ ವ್ಯವಸ್ಥೆ ನನಗೆ ತುಂಬಾ ನ್ಯಾಯವೆನಿಸುತ್ತದೆ.

ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಖಾಸಗಿ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿಕೊಂಡಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೆ ಇಲ್ಲಿ ಚುಚ್ಚಿದವರ ನಿರ್ಲಕ್ಷ್ಯವನ್ನು ನಾವೇ ತೋರಿಸಬೇಕು. ಎಲ್ಲರಿಗೂ ಪುಕ್ಕಟೆ ಸೇವೆ ಕೊಡುವ ಸರ್ಕಾರಿ ಆಸ್ಪತ್ರೆಯಾದರೆ ಈ ಬಾಗಿಲು ತೆರೆಯುವುದಿಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕು.

ಹಾಗಾಗಿ ಕಾಗದಪತ್ರವೇ ಬಲ. ಲಸಿಕೆಯ ಚೀಟಿ, ಬಿಲ್ಲು ಎತ್ತಿಡಿ. ಯಾವ ಕೈಗೆ ಚುಚ್ಚಿದರು, ನೋವು ಯಾವತ್ತು ಶುರುವಾಯಿತು ಎಂಬುದನ್ನು ಮೂಳೆ ಡಾಕ್ಟರು ಮೊದಲ ಭೇಟಿಯಲ್ಲೇ ಬರೆಯಲಿ. ಎಂಆರ್‌ಐ ಮಾಡಿಸಿದರೆ ವರದಿ ಜೋಪಾನ. ಸುಮ್ನೆ ನೋವು ನುಂಗಿಕೊಂಡು ದಿನ ದೂಡಬೇಡಿ: ಗ್ರಾಹಕ ಆಯೋಗಕ್ಕೆ ದೂರು ಕೊಡಲು ಇರುವುದು ಎರಡೇ ವರ್ಷ.